ಕೈ ಶುದ್ಧ, ಬಾಯಿ ಶುದ್ಧ, ಕಿವಿ? ತೊರಪಳ್ಳಿಯ ರಾಜಾಜಿ ಮತ್ತು ಹಳ್ಳಿಯ ಸಂಪ್ರದಾಯಶೀಲ ರಾಜಕಾರಣದ ಪ್ರಾಮಾಣಿಕತೆ

(ಗಡಿಯಾಚೆಯ ಕನ್ನಡ ಪ್ರದೇಶಗಳ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಲಾಗಿದೆ.)

ಮಾತು ಕೇಳಿಸ್ತಾ ಇದೆ ಅಂದುಕೊಂಡಿದ್ದೇನೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಹಾಗಾಗಿ ನೇರವಾಗಿ ವಿಷಯಕ್ಕೇ ಬರ್ತೀನಿ.

ಹೊಸೂರು, ದೇಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಹೊಗಳಬೇಕಾದರೆ ಈಗಲೂ ಒಂದು ಮಾತಿದೆ: ‘ಕೈ, ಬಾಯಿ, ಕಚ್ಚೆ ಮೂರೂ ಶುದ್ಧ.’ ಲಂಚ ಮುಟ್ಟಿದವನಲ್ಲ, ಕೊಟ್ಟ ಮಾತಿಗೆ ತಪ್ಪಿದವನಲ್ಲ, ನಡತೆ ಕೆಟ್ಟವನಲ್ಲ ಅಂತ ಅರ್ಥ. ಪಂಚಾಯ್ತಿ ಚುನಾವಣೆಯಿಂದ ಪಾರ್ಲಿಮೆಂಟ್ ಚುನಾವಣೆವರೆಗೆ ಈ ಮಾತು ಓಡುತ್ತೆ. ಪಕ್ಷ ಯಾವುದು, ನೀತಿ ಏನು ಅನ್ನುವುದೆಲ್ಲ ಆಮೇಲೆ. ‘ಮನುಷ್ಯ ಹೆಂಗೆ?’ ಅನ್ನೋದು ಮೊದಲನೇ ಪ್ರಶ್ನೆ. ಈ ಅಳತೆಗೋಲು ಎಲ್ಲಿಂದ ಬಂತು, ಅದು ಏನನ್ನು ಅಳೆಯುತ್ತೆ, ಏನನ್ನು ಅಳೆಯದೆ ಬಿಡುತ್ತೆ ಅನ್ನುವುದೇ ಇವತ್ತಿನ ನನ್ನ ವಿಚಾರ.

ಗಡಿಯಲ್ಲಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಕಾರಣ ಸರಳ. ಸರ್ಕಾರದ ಆದೇಶ, ಕಾಯ್ದೆ, ಬಜೆಟ್ಟು ಎಲ್ಲವೂ ನಮಗೆ ಬೇರೆ ಭಾಷೆಯಲ್ಲಿ ಬರುತ್ತವೆ. ತಮಿಳೋ, ಮಲಯಾಳವೋ, ಮರಾಠಿಯೋ, ತೆಲುಗೋ. ನಾವು ಮಾತಾಡ್ತೀವಿ, ಆದರೆ ನಮ್ಮ ಹಿಂದಿನ ತಲೆಮಾರಿನ ಬಹಳ ಜನ ಆ ಕಾಗದ ಓದಲಾರದವರು. ಕಾಗದ ಓದಲಾಗದವನು ಮನುಷ್ಯನನ್ನು ಓದ್ತಾನೆ. ಅವನ ಮನೆ, ಬಟ್ಟೆ, ಊಟ, ಸಾಲ, ಮಕ್ಕಳ ಮದುವೆ, ಇವನ್ನೆಲ್ಲ ನೋಡಿ ತೀರ್ಮಾನ ಮಾಡ್ತಾನೆ. ವೈಯಕ್ತಿಕ ಪ್ರಾಮಾಣಿಕತೆ ಅನ್ನುವ ಮೌಲ್ಯ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ನಿಂತಿದ್ದರೆ ಅದು ನಾವು ಉಳಿದವರಿಗಿಂತ ಧರ್ಮವಂತರು ಅಂತಲ್ಲ. ನಮಗೆ ಓದಲು ಸಿಕ್ಕಿದ್ದು ಅದೊಂದೇ.

ಇನ್ನೊಂದು ಕಾರಣ ನನ್ನ ಮನೆಯದು. ನಮ್ಮ ತಾತ ಊರಿನ ಶ್ಯಾನುಭೋಗರು, ಇಲ್ಲಿನ ಮಾತಿನಲ್ಲಿ ಕರಣಂ. ಅವರು ಒಂದು ರೂಪಾಯಿ ಲಂಚ ಮುಟ್ಟಿದವರಲ್ಲ ಅನ್ನುವುದನ್ನು ಕೇಳಿಕೊಂಡೇ ನಾನು ಬೆಳೆದೆ. ಆ ಹೆಮ್ಮೆ ನನಗೂ ಇತ್ತು. ಅದು ಎಲ್ಲಿ ಅಲುಗಾಡಿತು ಅನ್ನುವುದನ್ನು ಕೊನೆಗೆ ಹೇಳ್ತೀನಿ.

ಹೊಸೂರಿನ ಹತ್ತಿರ ತೊರಪಳ್ಳಿ ಅಂತ ಊರು. ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು ಅಲ್ಲಿ, 1878ರ ಡಿಸೆಂಬರ್ 10ರಂದು. ಅವರ ತಂದೆ ಆ ಊರಿನ ಮುನ್ಸೀಫರು. ಇದನ್ನು ಕೋರ್ಟಿನ ಮುನ್ಸೀಫ್ ಅಂತ ತಿಳಿಯಬಾರದು. ಮದ್ರಾಸ್ ಪ್ರಾಂತ್ಯದಲ್ಲಿ ಗ್ರಾಮ ಮುನ್ಸೀಫ ಅಂದರೆ ಮೈಸೂರು ಸೀಮೆಯ ಪಟೇಲನ ಹಾಗೆ: ಕಂದಾಯ ವಸೂಲಿ, ಸಣ್ಣಪುಟ್ಟ ತಕರಾರು, ಊರಿನ ಜವಾಬ್ದಾರಿ. ಲೆಕ್ಕ ಬರೆಯುವವನು ಕರಣಂ. ಈ ಇಬ್ಬರ ಕೈಯಲ್ಲಿ ಊರಿತ್ತು. ತಮಿಳುನಾಡಿನಲ್ಲಿ 1980ರಲ್ಲಿ, ಆಂಧ್ರದಲ್ಲಿ 1984ರಲ್ಲಿ ಈ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಆದೋನಿ, ರಾಯದುರ್ಗ, ಮಡಕಶಿರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು.

ಈ ವ್ಯವಸ್ಥೆಯಲ್ಲಿ ರೈತನಿಗೆ ಲೆಕ್ಕದ ಪುಸ್ತಕ ಕೈಗೆ ಸಿಗ್ತಿರಲಿಲ್ಲ. ಸಿಕ್ಕಿದರೂ ಓದು ಬರ್ತಿರಲಿಲ್ಲ. ಅವನಿಗಿದ್ದ ಒಂದೇ ರಕ್ಷಣೆ ಬರೆಯುವವನ ಸತ್ಯವಂತಿಕೆ. ಹಾಗಾಗಿ ‘ಒಳ್ಳೇ ಶ್ಯಾನುಭೋಗ’ ಅನ್ನುವುದೇ ಹಳ್ಳಿಯ ರಾಜಕೀಯ ಆದರ್ಶವಾಯಿತು. ನನ್ನ ಮಟ್ಟಿಗೆ ಹಳ್ಳಿಯ ಸಂಪ್ರದಾಯಶೀಲ ರಾಜಕಾರಣದ ಬೇರು ಇಲ್ಲಿದೆ. ಅಧಿಕಾರ ಯಾರದು ಅಂತ ಅದು ಕೇಳಲ್ಲ. ಅಧಿಕಾರ ಇದ್ದವನು ಕಳ್ಳನೋ ಸಜ್ಜನನೋ ಅಂತ ಕೇಳುತ್ತೆ.

ರಾಜಾಜಿ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಮದ್ರಾಸಿನಲ್ಲಿ ಕಾನೂನು ಕಲಿತು, ಸೇಲಂನಲ್ಲಿ ವಕೀಲಿ ಮಾಡಿದರು. ನಡೆಯುತ್ತಿದ್ದ ವಕೀಲಿ ಬಿಟ್ಟು ಗಾಂಧಿಯವರ ಹಿಂದೆ ಹೋದರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಮಕ್ಕಳೊಂದಿಗೆ ಗುಡಿಸಲಿನಲ್ಲಿದ್ದರು. ಆಮೇಲೆ ಮದ್ರಾಸಿನ ಪ್ರಧಾನಿ, ದೇಶದ ಗವರ್ನರ್ ಜನರಲ್, ಕೇಂದ್ರದ ಗೃಹಮಂತ್ರಿ, ಮತ್ತೆ ಮದ್ರಾಸಿನ ಮುಖ್ಯಮಂತ್ರಿ. ಇಷ್ಟೆಲ್ಲ ಆದರೂ ದುಡ್ಡಿನ ವಿಷಯದಲ್ಲಿ ಅವರ ಕಡು ವಿರೋಧಿಗಳೂ ಬೆರಳು ತೋರಿಸಲಿಲ್ಲ. ಕೈ ಶುದ್ಧ.

ಬಾಯಿ? 1942ರಲ್ಲಿ ಇಡೀ ಕಾಂಗ್ರೆಸ್ಸು ಒಂದು ಕಡೆ ಇದ್ದಾಗ, ಮುಸ್ಲಿಂ ಲೀಗಿನ ಬೇಡಿಕೆಯನ್ನು ತತ್ವಶಃ ಒಪ್ಪಿ ಮಾತುಕತೆ ಮಾಡಬೇಕು ಅಂತ ಹೇಳಿ ಪಕ್ಷದಿಂದಲೇ ಹೊರಗೆ ಬಂದರು. ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಸೇರಲಿಲ್ಲ. ಜನ ಬೈದರು. ಜನ ಮೆಚ್ಚಲಿ ಅಂತ ಮನಸ್ಸಿನಲ್ಲಿಲ್ಲದ್ದನ್ನು ಹೇಳಲಿಲ್ಲ. ಅವರ ನಿಲುವು ಸರಿಯೋ ತಪ್ಪೋ, ಬಾಯಿ ಶುದ್ಧ.

ಹೆಂಡತಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಐದು ಮಕ್ಕಳು. ಮತ್ತೆ ಮದುವೆಯಾಗಲಿಲ್ಲ. ಹಳ್ಳಿಯ ಭಾಷೆಯಲ್ಲಿ ಹೇಳೋದಾದರೆ ಮೂರನೆಯದೂ ಶುದ್ಧ. ಮದ್ಯಪಾನದ ವಿಷಯದಲ್ಲಂತೂ 1937ರಲ್ಲಿ ತಮ್ಮ ಸೇಲಂ ಜಿಲ್ಲೆಯಿಂದಲೇ ನಿಷೇಧ ಶುರು ಮಾಡಿದವರು, 1971ರಲ್ಲಿ ನಿಷೇಧ ಸಡಿಲವಾಗುತ್ತೆ ಅಂದಾಗ ತೊಂಬತ್ತೆರಡರ ವಯಸ್ಸಿನಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡ ಅಂತ ಕೇಳಿಕೊಂಡರು.

ಹಾಗಾದರೆ ಪ್ರಾಮಾಣಿಕತೆಯ ಮಿತಿಯನ್ನು ಪರೀಕ್ಷೆ ಮಾಡಲು ಇವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಪಟಿಯ ಜೀವನದಿಂದ ಪ್ರಾಮಾಣಿಕತೆಯ ಮಿತಿ ಗೊತ್ತಾಗಲ್ಲ. ನಿಜವಾದ ಪ್ರಾಮಾಣಿಕನನ್ನೇ ನೋಡಬೇಕು.

ರಾಜಾಜಿಗೆ ಈ ಪ್ರಶ್ನೆ ಹೊಸದೇನಲ್ಲ. 1922ರ ಆರಂಭದಲ್ಲಿ ವೆಲ್ಲೂರು ಜೈಲಿನಲ್ಲಿ ಬರೆದ ದಿನಚರಿಯಲ್ಲಿ, ಸ್ವರಾಜ್ಯ ಬಂದ ಕೂಡಲೇ ಜನ ಸುಖವಾಗಿರ್ತಾರೆ ಅಂತ ಅವರು ನಂಬಲಿಲ್ಲ. ಚುನಾವಣೆಯ ಭ್ರಷ್ಟತೆ, ಅನ್ಯಾಯ, ದುಡ್ಡಿದ್ದವರ ದರ್ಪ, ಕೆಲಸಕ್ಕೆ ಬಾರದ ಆಡಳಿತ ಜನರ ಬದುಕನ್ನು ನರಕ ಮಾಡುತ್ತವೆ ಅಂತ ಮುಂಚೆಯೇ ಬರೆದಿಟ್ಟರು. ಪರಿಹಾರ ಏನು ಅಂದರೆ ಎಲ್ಲರಿಗೂ ಶಿಕ್ಷಣ. ಎಳವೆಯಿಂದಲೇ ಸನ್ನಡತೆ, ದೈವಭಯ, ಪ್ರೀತಿ ಕಲಿಸುವ ಶಿಕ್ಷಣ. ಅಂದರೆ ವ್ಯವಸ್ಥೆಯ ರೋಗಕ್ಕೆ ವ್ಯಕ್ತಿಯ ನಡತೆಯೇ ಮದ್ದು. ಈ ಸಾಲುಗಳನ್ನು ಇವತ್ತು ‘ಭವಿಷ್ಯವಾಣಿ’ ಅಂತ ಹೊಗಳುವವರು ಬಹಳ. ಆ ಮದ್ದು ಏನಾಯ್ತು ಅಂತ ಕೇಳುವವರು ಕಡಿಮೆ.

1952ಕ್ಕೆ ಬರೋಣ. ಮೊದಲ ಮಹಾಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 152. ಬಹುಮತ ಇಲ್ಲ. ಉಳಿದ ಪಕ್ಷಗಳು ಟಿ. ಪ್ರಕಾಶಂ ನಾಯಕತ್ವದಲ್ಲಿ ಒಂದಾಗಿದ್ದವು. ಆಗ ಕಾಂಗ್ರೆಸ್ಸು ರಾಜಾಜಿಯನ್ನು ಕರೆಯಿತು. ಅವರು ಚುನಾವಣೆಗೇ ನಿಂತಿರಲಿಲ್ಲ. ರಾಜ್ಯಪಾಲ ಶ್ರೀಪ್ರಕಾಶರು ಅವರನ್ನು ಮೇಲ್ಮನೆಗೆ ನಾಮಕರಣ ಮಾಡಿ ಸರ್ಕಾರ ರಚಿಸಲು ಆಹ್ವಾನಿಸಿದರು. ಕಮ್ಯುನಿಸ್ಟ್ ನಾಯಕ ಪಿ. ರಾಮಮೂರ್ತಿ ಹೈಕೋರ್ಟಿಗೆ ಹೋದರು, ಅರ್ಜಿ ನಿಲ್ಲಲಿಲ್ಲ. ಮುಖ್ಯಮಂತ್ರಿಯಾಗಿದ್ದಷ್ಟು ಕಾಲವೂ ರಾಜಾಜಿ ನಾಮಕರಣ ಸದಸ್ಯರಾಗಿಯೇ ಉಳಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದರಲ್ಲಿ ಒಂದು ಪೈಸೆ ಕೈ ಬದಲಾಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಸುಳ್ಳೂ ಇಲ್ಲ, ಎಲ್ಲ ಬಹಿರಂಗವಾಗಿಯೇ ನಡೆಯಿತು. ಆದರೂ ಮತ ಹಾಕಿದವನ ದೃಷ್ಟಿಯಿಂದ ಏನಾಯ್ತು? ಜನ ಆರಿಸದವರು, ಜನ ಬಹುಮತ ಕೊಡದ ಪಕ್ಷದ ಪರವಾಗಿ ಅಧಿಕಾರಕ್ಕೆ ಬಂದರು. ಇದನ್ನು ಜನ ನುಂಗಿಕೊಂಡದ್ದು ಯಾಕೆ? ಮನುಷ್ಯ ಒಳ್ಳೆಯವರು ಅನ್ನುವ ಒಂದೇ ಕಾರಣಕ್ಕೆ. ವೈಯಕ್ತಿಕ ಪ್ರಾಮಾಣಿಕತೆ ಇಲ್ಲಿ ಬರೀ ಗುಣವಾಗಿ ಉಳಿಯಲಿಲ್ಲ, ರಹದಾರಿಯಾಯಿತು. ಬೇರೆ ಯಾರಾದರೂ ಈ ಬಾಗಿಲಿನಿಂದ ಬಂದಿದ್ದರೆ ಅದನ್ನು ಹಿಂಬಾಗಿಲು ಅಂತ ಕರೀತಿದ್ದೆವು.

ಇದರ ಫಲ 1953ರಲ್ಲಿ ಕಾಣಿಸಿತು. ಆ ವರ್ಷ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಪದ್ಧತಿ ಬಂತು. ದಿನಕ್ಕೆ ಐದು ಗಂಟೆಯ ಪಾಠ ಮೂರು ಗಂಟೆಗೆ ಇಳಿಯಿತು. ಮಕ್ಕಳು ಎರಡು ಪಾಳಿ. ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕು. ಇದ್ದಷ್ಟೇ ಮೇಷ್ಟರು, ಇದ್ದಷ್ಟೇ ಕೋಣೆ, ಆದರೆ ಎರಡರಷ್ಟು ಮಕ್ಕಳು ಕಲೀಬಹುದು ಅನ್ನುವ ಲೆಕ್ಕ. ಲೆಕ್ಕ ಸುಳ್ಳಲ್ಲ. ರಾಜಾಜಿಗೆ ಇದರಿಂದ ಯಾವ ಲಾಭವೂ ಇಲ್ಲ. ಕೈಕಸುಬಿನ ಮೇಲೆ ಅವರಿಗಿದ್ದ ಗೌರವವೂ ನಾಟಕವಲ್ಲ, ಆಶ್ರಮದಲ್ಲಿ ಅದನ್ನು ಬಾಳಿ ತೋರಿಸಿದ್ದರು.

ಆದರೆ ಇದು ಊರಿಗೆ ಹೇಗೆ ಕೇಳಿಸಿತು? ಅಗಸನ ಮಗ ಅಗಸನಾಗು, ಚಮ್ಮಾರನ ಮಗ ಚಮ್ಮಾರನಾಗು. ಪಟ್ಟಣದ ಶಾಲೆಗೆ ಈ ನಿಯಮ ಇಲ್ಲ, ಹಳ್ಳಿಗೆ ಮಾತ್ರ. ದ್ರಾವಿಡ ಚಳವಳಿಯವರು ಇದಕ್ಕೆ ‘ಕುಲಕಲ್ವಿ ತಿಟ್ಟಂ’ ಅಂತ ಹೆಸರಿಟ್ಟರು, ಕುಲಕಸುಬಿನ ವಿದ್ಯೆ ಅಂತ. ಸದನದಲ್ಲಿ ಚರ್ಚೆಯಾಗುವ ಮೊದಲೇ ಯೋಜನೆ ಶಾಲೆಗೆ ಬಂದಿತ್ತು. ವಿರೋಧ ಜೋರಾದ ಮೇಲೆ ಪರೂಳೇಕರ್ ಸಮಿತಿಯ ಮುಂದೆ ಹೋಯಿತು. 1954ರ ಏಪ್ರಿಲಿನಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜ್ ಬಂದು ಯೋಜನೆ ಕೈಬಿಟ್ಟರು.

ಈ ಕಥೆಯನ್ನು ತಮಿಳಿನಲ್ಲಿ ಬ್ರಾಹ್ಮಣ–ಅಬ್ರಾಹ್ಮಣ ಜಗಳದ ಅಧ್ಯಾಯವಾಗಿ ಓದ್ತಾರೆ. ಅದು ಸರಿಯೇ. ಆದರೆ ಇವತ್ತು ಇಲ್ಲಿ ಸೇರಿರುವ ನಾವು ಒಂದನ್ನು ನೆನಪಿಡಬೇಕು. ಆಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. ನೀಲಗಿರಿ, ಹೊಸೂರು, ತಾಳವಾಡಿ, ಕೊಳ್ಳೇಗಾಲ ಎಲ್ಲ ಮದ್ರಾಸ್ ರಾಜ್ಯವೇ. ಆದೋನಿ, ರಾಯದುರ್ಗ, ಮಡಕಶಿರ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಹೋಗುವವರೆಗೂ ಅಲ್ಲೇ ಇದ್ದವು. ಅಂದರೆ ಆ ಆದೇಶ ನಮ್ಮ ಕನ್ನಡ ಶಾಲೆಗಳ ಹಳ್ಳಿಗಳನ್ನೂ ಎದುರಿಗಿಟ್ಟುಕೊಂಡೇ ಬಂದದ್ದು. ಗಡಿಯ ಮಗುವಿಗೆ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಎರಡನ್ನೂ ಕಲಿಯಲು ಅದಕ್ಕೆ ಸಿಗುವ ಜಾಗ ಶಾಲೆಯೊಂದೇ. ಆ ಮಗುವಿಗೆ ಎರಡು ಗಂಟೆ ಕಳೆದುಹೋಗುವುದು ಅಂದರೆ ಏನು ಅಂತ ಮೇಲಿನ ಲೆಕ್ಕ ಹೇಳಲ್ಲ. ಅದನ್ನು ಆ ಊರಿನವರನ್ನೇ ಕೇಳಬೇಕಿತ್ತು.

ಕೇಳಲಿಲ್ಲ. ನನ್ನ ವಾದ ಇಷ್ಟೇ. ಕೇಳದೆ ಇದ್ದದ್ದು ಅಪ್ರಾಮಾಣಿಕತೆಯಿಂದಲ್ಲ, ಪ್ರಾಮಾಣಿಕತೆಯಿಂದಲೇ. ನನ್ನ ಕೈ ಶುದ್ಧ, ಮನಸ್ಸು ಶುದ್ಧ, ನನಗೆ ಇದರಲ್ಲಿ ಏನೂ ಬೇಡ, ಹಾಗಾದ ಮೇಲೆ ನಾನು ಮಾಡಿದ್ದು ಒಳ್ಳೆಯದೇ ಆಗಿರಬೇಕು. ಈ ತರ್ಕ ಕಳ್ಳನಿಗೆ ಸಿಗಲ್ಲ. ಕಳ್ಳನಿಗೆ ಒಳಗೊಳಗೇ ಅಳುಕಿರುತ್ತೆ, ನಾಲ್ಕು ಜನರ ಮಾತಿಗೆ ಬಗ್ತಾನೆ. ಪ್ರಾಮಾಣಿಕನಿಗೆ ಆ ಅಳುಕಿಲ್ಲ. ಕೈ, ಬಾಯಿ, ಕಚ್ಚೆ ಅಂತ ನಮ್ಮ ಗಾದೆ ಎಣಿಸುವ ಮೂರೂ ಅವನ ಮೈಮೇಲಿನವೇ, ಅವನಿಂದ ಹೊರಗೆ ಹೋಗುವವು. ಒಳಗೆ ಬರುವ ದಾರಿ ಕಿವಿ. ಅದು ಈ ಪಟ್ಟಿಯಲ್ಲಿಲ್ಲ.

ಕಾಮರಾಜರನ್ನು ಪಕ್ಕದಲ್ಲಿಟ್ಟು ನೋಡಿ. ಅವರೂ ಅಷ್ಟೇ ಶುದ್ಧಹಸ್ತರು, ಮದುವೆಯೇ ಆಗಲಿಲ್ಲ. ಒಬ್ಬರು ಹಳ್ಳಿ ಶಾಲೆಯ ಹೊತ್ತು ಕಡಿಮೆ ಮಾಡಿದರು, ಇನ್ನೊಬ್ಬರು ಹಳ್ಳಿಗಳಲ್ಲಿ ಶಾಲೆ ತೆರೆಸಿ ಮಧ್ಯಾಹ್ನದ ಊಟ ಹಾಕಿಸಿದರು. ಪ್ರಾಮಾಣಿಕತೆಯೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಇಬ್ಬರೂ ಒಂದೇ ಕೆಲಸ ಮಾಡಬೇಕಿತ್ತಲ್ಲ? ವ್ಯತ್ಯಾಸ ಬಂದದ್ದು ಎಲ್ಲಿಂದ? ಓದು ಅರ್ಧಕ್ಕೆ ನಿಂತವನ ನೋವು ಒಬ್ಬರಿಗೆ ತಮ್ಮದಾಗಿತ್ತು. ಕಾಮರಾಜರು ಹೈಸ್ಕೂಲು ಮುಗಿಸಿದವರಲ್ಲ. ಇನ್ನೊಬ್ಬರಿಗೆ ಅದು ಲೆಕ್ಕದ ಪ್ರಶ್ನೆಯಾಗಿತ್ತು.

ರಾಜಾಜಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತನ್ನೂ ಹೇಳಬೇಕು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಎನ್.ಜಿ. ರಂಗಾ, ಮೀನೂ ಮಸಾನಿ ಮೊದಲಾದವರ ಜೊತೆ ಸ್ವತಂತ್ರ ಪಕ್ಷ ಕಟ್ಟಿದರು. ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಮಾಡಿದ್ದಕ್ಕೆ ಭೂಮಿ ಇದ್ದ ರೈತರಲ್ಲಿ ಎದ್ದ ಭಯ ಆ ಪಕ್ಷಕ್ಕೆ ಬಲ ಕೊಟ್ಟಿತು. ಅಲ್ಲಿ ಅವರ ಚಿಂತನೆ ಒಂದು ಹೆಜ್ಜೆ ಮುಂದೆ ಹೋಯಿತು ಅಂತ ನನಗನ್ನಿಸುತ್ತೆ. ‘ಪರ್ಮಿಟ್–ಲೈಸೆನ್ಸ್–ಕೋಟಾ ರಾಜ್ಯ’ ಅಂತ ಅವರು ಕರೆದದ್ದು ಬರೀ ಕೆಟ್ಟ ಮನುಷ್ಯರ ದೂರಲ್ಲ. ಒಂದು ಸಹಿಗೆ ಅಷ್ಟು ಬೆಲೆ ಬರುವ ಹಾಗೆ ಮಾಡಿದರೆ ಒಳ್ಳೆಯವನೂ ಕೆಡ್ತಾನೆ ಅನ್ನುವ ವಾದ ಅದು. ಜೈಲಿನ ದಿನಚರಿಯ ಕಾಲದಲ್ಲಿ ನಡತೆಯೇ ಮದ್ದು ಅಂದವರು, ಇಲ್ಲಿ ಅಧಿಕಾರದ ರಚನೆಯನ್ನೇ ಪ್ರಶ್ನಿಸಿದರು. ಪಕ್ಷದ ಮೂಲ ತತ್ವಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಸದಸ್ಯರು ಆತ್ಮಸಾಕ್ಷಿಯಂತೆ ನಡೆಯಬಹುದು ಅನ್ನುವ ಸ್ವಾತಂತ್ರ್ಯವನ್ನೂ ಆ ಪಕ್ಷ ಕೊಟ್ಟಿತು.

ಆದರೆ ಆ ಪರೀಕ್ಷೆ ಸರ್ಕಾರಿ ಕಚೇರಿಯವರೆಗೆ ಬಂದು ನಿಂತಿತು. ಕಚೇರಿಯ ಸಹಿ ಸಂಶಯಕ್ಕೆ ಒಳಗಾಯಿತು, ಜಮೀನ್ದಾರನ ಮಾತು ಆಗಲಿಲ್ಲ. ಪಕ್ಷದಲ್ಲಿ ರಾಜಮನೆತನದವರು, ದೊಡ್ಡ ಹಿಡುವಳಿಯವರು ತುಂಬಿದ್ದರು. 1962ರಲ್ಲಿ ಲೋಕಸಭೆಗೆ 18, 1967ರಲ್ಲಿ 44 ಸ್ಥಾನ ಬಂದವು. 1971ರಲ್ಲಿ ಎಂಟಕ್ಕೆ ಕುಸಿಯಿತು. ರಾಜಾಜಿ ತೀರಿಕೊಂಡ ಎರಡು ವರ್ಷಕ್ಕೆ ಪಕ್ಷವೂ ಬೇರೆ ಪಕ್ಷದಲ್ಲಿ ಸೇರಿಹೋಯಿತು. ಪಕ್ಷದ ವಾದ ಮರೆತುಹೋಗಿ ಹಿರಿಯರ ಸರಳತೆಯ ಕಥೆಗಳು ಮಾತ್ರ ಉಳಿದವು.

ಆ ಕಥೆಗಳ ಬಗ್ಗೆಯೇ ನನ್ನ ತಕರಾರು. ಮುಖ್ಯಮಂತ್ರಿ ಹಳೇ ಪಂಚೆ ಉಟ್ಟಿದ್ದರು, ಮಂತ್ರಿ ಬಸ್ಸಿನಲ್ಲಿ ಓಡಾಡಿದರು, ಶಾಸಕರಿಗೆ ಸ್ವಂತ ಮನೆ ಇರಲಿಲ್ಲ. ನಮ್ಮ ಸ್ಮರಣ ಸಂಚಿಕೆಗಳಲ್ಲಿ, ಶ್ರದ್ಧಾಂಜಲಿ ಬರಹಗಳಲ್ಲಿ ಇಂಥವು ತುಂಬಿವೆ. ಇವು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಈ ಬರಹಗಳಲ್ಲಿ ನಾಯಕನ ಎದುರಿಗೆ ಅರ್ಜಿ ಹಿಡಿದು ನಿಂತವನ ಮುಖ ಕಾಣಲ್ಲ. ಅವನ ಅರ್ಜಿ ಏನಾಯ್ತು ಅಂತ ಯಾರೂ ಬರೆಯಲ್ಲ.

ಈಗ ನಮ್ಮ ತಾತನ ವಿಷಯ. ತಮಿಳುನಾಡಿನಲ್ಲಿ 1969ರಲ್ಲಿ ಗೇಣಿ ಹಕ್ಕು ದಾಖಲಿಸುವ ಕಾಯ್ದೆ ಬಂತು. ಯಾರದೋ ಜಮೀನನ್ನು ವಾರಕ್ಕೆ ಉಳುವವನ ಹೆಸರು ಸರ್ಕಾರದ ದಾಖಲೆಗೆ ಹೋಗಬೇಕು ಅಂತ. ನಮ್ಮೂರಲ್ಲೂ ವಿಚಾರಣೆಗೆ ಬಂದರು. ಬಂದ ಅಧಿಕಾರಿ ನಮ್ಮ ತಾತನನ್ನು ಕೇಳಿದರಂತೆ, ಈ ಹೊಲ ಯಾರದು ಅಂತ. ತಾತ ಅಡಂಗಲ್ ತೆಗೆದು ಅದರಲ್ಲಿದ್ದ ಹೆಸರನ್ನು ಓದಿದರು. ಅಷ್ಟೇ. ಅದು ಜಮೀನಿನ ಯಜಮಾನನ ಹೆಸರು. ಎರಡು ತಲೆಮಾರಿನಿಂದ ಉಳುತ್ತಿದ್ದವನು ಪಕ್ಕದಲ್ಲೇ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ತಾತ ಸುಳ್ಳು ಹೇಳಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದರು. ಯಜಮಾನನಿಂದ ಒಂದು ಕಾಸೂ ತೆಗೆದುಕೊಂಡಿರಲಿಲ್ಲ.

ಆ ರೈತನ ಮಗಳು ಈಗ ಎಂಬತ್ತರ ಹತ್ತಿರದ ಅಜ್ಜಿ. ಕೆಲವು ವರ್ಷದ ಹಿಂದೆ ಊರಿನ ಹಳೇ ಲೆಕ್ಕಪತ್ರದ ಬಗ್ಗೆ ಮಾಹಿತಿ ಕೂಡಿಸುವಾಗ ಅವರ ಮನೆಗೆ ಹೋಗಿದ್ದೆ. ನಾನು ಯಾರ ಮೊಮ್ಮಗ ಅಂತ ತಿಳಿದ ಮೇಲೂ ಆಯಮ್ಮ ಕಾಫಿ ಕೊಟ್ಟರು. ಆಮೇಲೆ ಹೇಳಿದರು: “ನಿಮ್ ತಾತ ಬಲೇ ನಿಯತ್ತಿನ ಮನ್ಸ ಸಾಮಿ. ಒಂದು ಕೋಳಿಮೊಟ್ಟೆ ಕೂಡ ಮುಟ್ದೋರಲ್ಲ. ತಿನ್ನೋ ಮನ್ಸ ಆಗಿದ್ರೆ ನಮ್ಮಪ್ಪ ಎಲ್ಡು ಕೋಳಿ ಕೊಟ್ಟು ಹೆಸ್ರು ಬರಿಸ್ಕೊಂತಿದ್ದ.”

ಆಯಮ್ಮ ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿ ಹೊಗಳಿದರು, ನಿಜವಾಗಿ ನೊಂದುಕೊಂಡರು. ಎರಡೂ ಒಂದೇ ಉಸಿರಿನಲ್ಲಿ. ಮನೆಗೆ ಬಂದು ನಾನು ಬಹಳ ಹೊತ್ತು ಸುಮ್ಮನೆ ಕೂತೆ. ತಾತನನ್ನು ಅಪ್ರಾಮಾಣಿಕ ಅನ್ನಲು ನನಗೆ ಬಾಯಿ ಬರಲ್ಲ, ಅವರು ಆಗಿರಲೂ ಇಲ್ಲ. ಆದರೆ ಅವರ ಪ್ರಾಮಾಣಿಕತೆ ಪುಸ್ತಕಕ್ಕೆ ಇತ್ತು, ಹೊಲಕ್ಕೆ ಇರಲಿಲ್ಲ.

ಹಾಗಾಗಿ ನಾನು ಹೇಳುವುದು ಪ್ರಾಮಾಣಿಕತೆ ಬೇಡ ಅಂತಲ್ಲ. ಅದು ಬಾಗಿಲು, ಮನೆಯಲ್ಲ. ಕೈ ಶುದ್ಧ ಇದ್ದವನನ್ನೇ ಆರಿಸೋಣ. ಆರಿಸಿದ ಮೇಲೆ ‘ಒಳ್ಳೇ ಮನುಷ್ಯ, ಬಿಡಿ’ ಅಂತ ಸುಮ್ಮನಾಗಬಾರದು. ಆದೇಶ ನಮ್ಮ ಭಾಷೆಯಲ್ಲಿ ಕೊಡಿ, ಲೆಕ್ಕ ಊರ ಮುಂದೆ ಓದಿ, ಗ್ರಾಮಸಭೆಯಲ್ಲಿ ಕೊನೆಯ ಸಾಲಿನವರನ್ನು ಮೊದಲು ಮಾತಾಡಿಸಿ ಅಂತ ಕೇಳಬೇಕು. ಅದನ್ನು ಕೇಳಿದರೆ ಅವಮಾನ ಅಂದುಕೊಳ್ಳುವ ಪ್ರಾಮಾಣಿಕನ ಬಗ್ಗೆ ನನಗೆ ಸ್ವಲ್ಪ ಭಯ.

ಪ್ರಶ್ನೋತ್ತರ

ಕಾಸರಗೋಡಿನಿಂದ: “ಸರ್, ನಿಮ್ಮ ಮಾತು ಸರಿಯೇ, ಆದರೆ ಒಂದು ಹೆದರಿಕೆ ಉಂಟು. ಈಗಿನ ಕಾಲದಲ್ಲಿ ಕೈ ಶುದ್ಧ ಇರುವವರೇ ಸಿಕ್ಕುವುದಿಲ್ಲ ಮಾರಾಯ್ರೇ. ಪ್ರಾಮಾಣಿಕತೆ ಸಾಕಾಗುವುದಿಲ್ಲ ಅಂತ ನಾವೇ ಹೇಳಿದರೆ ಕಳ್ಳರಿಗೆ ಅನುಕೂಲ ಮಾಡಿಕೊಟ್ಟ ಹಾಗೆ ಆಗುವುದಿಲ್ಲವಾ?”

ಉತ್ತರ: ಆಗುತ್ತೆ, ಆ ಅಪಾಯ ಇದೆ. ‘ತಿಂದರೂ ಕೆಲಸ ಮಾಡಿಕೊಡ್ತಾನೆ’ ಅನ್ನುವ ಮಾತು ಈಗಾಗಲೇ ಎಲ್ಲ ಕಡೆ ಓಡ್ತಾ ಇದೆ. ಅಜ್ಜಿಯ ಮಾತನ್ನು ಹಾಗೆ ಬಳಸಿಕೊಳ್ಳುವವರೂ ಸಿಗ್ತಾರೆ. ಆದರೆ ಎರಡು ಕೋಳಿ ಕೊಡಲು ಇಲ್ಲದವನು ಏನು ಮಾಡಬೇಕು? ಅವನಿಗೆ ತಿನ್ನುವ ಕರಣಮನೂ ಕೇಳಲ್ಲ, ತಿನ್ನದ ಕರಣಮನೂ ಕೇಳಲ್ಲ. ನನ್ನ ಮಾತು ಅವನ ಪರವಾಗಿ. ಲಂಚ ಬಡವನ ಕೈಗೆ ಸಿಗುವ ದಾರಿಯಲ್ಲ. ಹೆಸರು ಬರೆಸಿಕೊಳ್ಳುವುದು ಹಕ್ಕಾಗಬೇಕು, ಯಾರ ಗುಣದ ಮೇಲೂ ನಿಲ್ಲಬಾರದು.

ಸೊಲ್ಲಾಪುರದಿಂದ: “ನಮ್ಮ ಕಡೆ ಸಾಂಗೋಲಾದಾಗ ಗಣಪತರಾವ್ ದೇಶಮುಖ ಅಂತ ಇದ್ದರ್ರೀ. ಹನ್ನೊಂದು ಸಲ ಆರಿಸಿ ಬಂದ್ರು. ಎಸ್.ಟಿ. ಬಸ್ಸಿನ್ಯಾಗ ಅಡ್ಡಾಡತಿದ್ರು. ಅವರು ಸಂಪ್ರದಾಯದವರಲ್ಲ, ಶೇತಕರಿ ಕಾಮಗಾರ ಪಕ್ಷದವರು, ಎಡಪಂಥ. ಮತ್ತ ನೀವು ಇದನ್ನ ಸಂಪ್ರದಾಯಶೀಲ ಮೌಲ್ಯ ಅಂತ ಹ್ಯಾಂಗ ಹೇಳ್ತೀರಿ?”

ಉತ್ತರ: ಒಳ್ಳೆಯ ತಿದ್ದುಪಡಿ. ಗುಣ ಎಲ್ಲ ಪಕ್ಷದವರಲ್ಲೂ ಇರುತ್ತೆ. ಆ ಗುಣವೇ ಸಾಕು, ಬೇರೇನೂ ಕೇಳಬೇಡಿ ಅನ್ನುವುದನ್ನು ನಾನು ಸಂಪ್ರದಾಯಶೀಲ ಅಂದದ್ದು. ದೇಶಮುಖರದ್ದು ಬರಗಾಲದ ಸೀಮೆ. ಅವರ ಬಗ್ಗೆ ಮಾತಾಡುವಾಗ ಬಸ್ಸಿನ ಜೊತೆ ನೀರಿನ ಹೋರಾಟದ ಮಾತೂ ಬರುತ್ತಲ್ಲವಾ? ಅಲ್ಲಿ ಕೈಯ ಜೊತೆ ಕಿವಿಯೂ ಇತ್ತು ಅಂತ ನಾನು ಅಂದುಕೊಂಡಿದ್ದೇನೆ. ಅದನ್ನು ನಿಮ್ಮ ಕಡೆಯವರೇ ಬರೆಯಬೇಕು, ಅರ್ಜಿ ಹಿಡಿದು ನಿಂತವರನ್ನು ಕೇಳಿ ಬರೆಯಬೇಕು.